ಕಥೆ ಮತ್ತೆ ಬರೀಬೇಡಿ: ಕ್ಲಾಸಲ್ಲಿ ಕೊಟ್ಟ ಕಾದಂಬರಿ ಬಗ್ಗೆ ಅನಿಸಿಕೆ ಬರೆಯೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಪರೀಕ್ಷೆಲಿ ಹತ್ತು ಮಾರ್ಕಿನ ಉತ್ತರ ಬರೆಯೋ ಬಗ್ಗೆ ಅಲ್ಲ. ಕನ್ನಡ ಕ್ಲಾಸಲ್ಲಿ ಒಂದು ಕಾದಂಬರಿ ಕೊಟ್ಟು "ಓದಿ, ನಿಮಗೆ ಏನನ್ನಿಸ್ತು ಅಂತ ನಾಲ್ಕು ಪೇಜ್ ಬರ್ಕೊಂಡ್ ಬನ್ನಿ" ಅಂತಾರಲ್ಲ, ಆ ಅಸೈನ್‌ಮೆಂಟ್ ಬಗ್ಗೆ. ಡಿಗ್ರಿ ಸೆಕೆಂಡ್ ಇಯರಲ್ಲಿ ನಮಗೆ ಕೊಟ್ಟಿದ್ದು ಶಿವರಾಮ ಕಾರಂತರ ಚೋಮನ ದುಡಿ. ಪೂರ್ತಿ ಓದಿದೆ, ಆಮೇಲೆ ಆರು ಪೇಜ್ ಕಥೆ ಬರ್ದು ಕೊನೇಲಿ ಈ ಕಾದಂಬರಿ ನನ್ನ ಮನಸ್ಸನ್ನು ಕಲಕಿತು ಅಂತ ಒಂದು ಸಾಲು ಸೇರಿಸಿ ಕೊಟ್ಟೆ. ಮೇಡಂ ಅದನ್ನ ಮುಂದೆ ಇಟ್ಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಚೋಮನಿಗೆ ಸಾಲ ಇತ್ತಲ್ಲ, ಎತ್ತು ಮಾರಿ ತೀರಿಸ್ಬಹುದಿತ್ತು, ಯಾಕೆ ಮಾರ್ಲಿಲ್ಲ?" ನನ್ ಹತ್ರ ಉತ್ತರ ಇರ್ಲಿಲ್ಲ. ಕಥೆ ಬಾಯಿಪಾಠ ಆಗಿತ್ತು, ಆದ್ರೆ ಆ ಮನುಷ್ಯನ ಬಗ್ಗೆ ಒಂದು ಸಲಾನೂ ಯೋಚ್ನೆ ಮಾಡಿರ್ಲಿಲ್ಲ.

ಇನ್ನೊಂದು ವಾರ ಟೈಮ್ ಕೊಟ್ರು, ಮತ್ತೆ ಬರ್ದೆ. ಆ ವಾರದಲ್ಲಿ ಕಲ್ತಿದ್ದು, ಆಮೇಲೆ ಬೇರೆ ಪುಸ್ತಕಗಳ ಬಗ್ಗೆ ಬರೆಯುವಾಗ ಕಲ್ತಿದ್ದು, ಜೂನಿಯರ್ಸ್ ಕೇಳ್ದಾಗೆಲ್ಲ ಕ್ಯಾಂಟೀನಲ್ಲಿ ಕೂತ್ಕೊಂಡು ಹೇಳ್ತಿದ್ದದ್ದು, ಎಲ್ಲ ಸೇರಿಸಿ ಇಲ್ಲಿ ಬರೀತಿದೀನಿ.

ಮೊದ್ಲು ಪುಸ್ತಕ ಕೈಗೆ ಬರ್ಲಿ

ಪಿಡಿಎಫ್ ಬೇಡ. ಮೊಬೈಲಲ್ಲಿ ಓದಿದ್ರೆ ಗೆರೆ ಎಳೆಯೋಕಾಗಲ್ಲ, ಅರ್ಧ ಪೇಜ್ ಓದೋಷ್ಟ್ರಲ್ಲಿ ನೋಟಿಫಿಕೇಶನ್ ಬಂದಿರತ್ತೆ. ಬೆಂಗಳೂರಲ್ಲಾದ್ರೆ ಅವೆನ್ಯೂ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಿ, ಸಿಗ್ಲಿಲ್ಲ ಅಂದ್ರೆ ಗಾಂಧಿ ಬಜಾರಲ್ಲಿ ಅಂಕಿತ ಪುಸ್ತಕದಂಗಡಿ ಇದೆ, ಗಾಂಧಿನಗರದಲ್ಲಿ ಸಪ್ನ ಇದೆ, ದುಡ್ಡಿಲ್ಲ ಅಂದ್ರೆ ನಿಮ್ ಏರಿಯಾ ಲೈಬ್ರರಿ ಇದೆ. ಕೂತು ಓದೋಕೆ ಮನೇಲಿ ಜಾಗ ಇಲ್ಲ ಅನ್ನೋರು ಕಬ್ಬನ್ ಪಾರ್ಕ್ ಒಳಗಿರೋ ಕೆಂಪು ಕಟ್ಟಡ, ಅದೇ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಲೈಬ್ರರಿಗೆ ಹೋಗಿ. ಲೈಬ್ರರಿ ಪುಸ್ತಕಕ್ಕೆ ಪೆನ್ನು ಹಾಕ್ಬೇಡಿ, ಬಿಎಂಟಿಸಿ ಟಿಕೆಟ್ ಸಣ್ಣಗೆ ಹರ್ಕೊಂಡು ಪೇಜ್ ಮಧ್ಯ ಇಡ್ತಾ ಹೋಗಿ, ನಾನು ಕಾಮಾಕ್ಷಿಪಾಳ್ಯದಿಂದ ಮೆಜೆಸ್ಟಿಕ್‌ವರೆಗೆ ಬಸ್ಸಲ್ಲಿ ಓದ್ತಾ ಹಂಗೇ ಮಾಡ್ತಿದ್ದೆ.

ಓದೋ ಮುಂಚೆ ಯೂಟ್ಯೂಬಲ್ಲಿ ಸಾರಾಂಶ ನೋಡ್ಬೇಡಿ, ಗೈಡ್ ತೆಗೀಬೇಡಿ, ಎಐ ಆಪ್‌ಗೆ ಕೇಳ್ಬೇಡಿ. ಸಿಕ್ಕಿಬೀಳ್ತೀರ ಅಂತ ಹೇಳ್ತಿಲ್ಲ. ಸಾರಾಂಶ ಒಂದ್ಸಲ ತಲೆಗೆ ಹೋದ್ರೆ ಇದು ಜಾತಿ ಪದ್ಧತಿ ಬಗ್ಗೆ ಇರೋ ಕಾದಂಬರಿ ಅನ್ನೋ ಬೋರ್ಡ್ ಮನಸ್ಸಲ್ಲಿ ನೇತಾಡ್ತಾ ಇರತ್ತೆ, ಆಮೇಲೆ ಆ ಬೋರ್ಡಿಗೆ ಹೊಂದೋ ಸಾಲು ಮಾತ್ರ ಕಣ್ಣಿಗೆ ಬೀಳತ್ತೆ, ನಿಮ್ಮನ್ನ ನಿಜವಾಗ್ಲೂ ತಡೆದು ನಿಲ್ಲಿಸ್ಬೇಕಿದ್ದ ಸಾಲು ಹಂಗೇ ದಾಟಿ ಹೋಗ್ಬಿಡತ್ತೆ.

ಭಾಷೆ ಕಷ್ಟ ಅಂತ ತುಂಬಾ ಜನ ಬಿಡ್ತಾರೆ. ಬೆಂಗಳೂರಲ್ಲಿ ಹುಟ್ಟಿ ಬೆಳೆದೋರಿಗೆ ಕರಾವಳಿ ಕಡೆಯ ಕನ್ನಡ ಮೊದಲ ಇಪ್ಪತ್ತು ಪೇಜ್ ಕಷ್ಟಾನೇ ಆಗೋದು, ನಂಗೂ ಆಯ್ತು. ಎಲ್ಲ ಪದಕ್ಕೂ ನಿಲ್ಲಬೇಡಿ, ಮೂರು ಸಲ ಬಂದ ಪದಕ್ಕೆ ಮಾತ್ರ ಅರ್ಥ ನೋಡಿ, ಅಲರ್ ನಿಘಂಟು ಆನ್‌ಲೈನಲ್ಲೇ ಫ್ರೀ ಇದೆ, ಅದ್ರಲ್ಲೂ ಸಿಗ್ಲಿಲ್ಲ ಅಂದ್ರೆ ಕ್ಲಾಸಲ್ಲಿ ಉಡುಪಿ, ಪುತ್ತೂರು ಕಡೆಯೋರು ಒಬ್ರಾದ್ರೂ ಇರ್ತಾರೆ, ಕೇಳಿ. ದುಡಿ ಅಂದ್ರೆ ಕೈಯಲ್ಲಿ ಹಿಡ್ಕೊಂಡು ಬಾರಿಸೋ ಪುಟ್ಟ ಚರ್ಮವಾದ್ಯ ಅಂತ ನಂಗೆ ಹೇಳಿದ್ದು ಪಕ್ಕದ ಬೆಂಚಿನ ಹುಡುಗಿ, ಅಲ್ಲೀವರೆಗೂ ದುಡಿ ಅಂದ್ರೆ ದುಡಿಮೆ ಅಂತಾನೇ ಅನ್ಕೊಂಡು ಓದ್ತಿದ್ದೆ. ಆಮೇಲೆ ಅನ್ನಿಸ್ತು, ಆ ಪದದ ಒಳಗೆ ಎರಡೂ ಕೇಳ್ಸತ್ತೆ ಅಂತ, ಅದನ್ನೂ ಬರ್ದೆ, ಮೇಡಂ ಅದರ ಪಕ್ಕ ಟಿಕ್ ಹಾಕಿದ್ರು.

ಓದ್ತಾ ಏನು ಗುರುತು ಹಾಕ್ಕೋಬೇಕು

ಚೆಂದ ಇರೋ ಸಾಲಿಗೆ ಗೆರೆ ಎಳೆಯೋದು ಎಲ್ರೂ ಮಾಡ್ತಾರೆ, ಅದರಿಂದ ಅಸೈನ್‌ಮೆಂಟ್‌ಗೆ ಏನೂ ಸಿಗಲ್ಲ. ನಿಮಗೆ ಸಿಟ್ಟು ಬಂದ ಕಡೆ ಗುರುತು ಹಾಕಿ, ಈ ಪಾತ್ರ ಹಿಂಗ್ಯಾಕ್ ಮಾಡ್ತಿದೆ ಅಂತ ಅರ್ಥ ಆಗ್ದೇ ಇರೋ ಕಡೆ ಹಾಕಿ, ಆಮೇಲೆ ಮುಖ್ಯವಾಗಿ, ಪುಸ್ತಕ ಮಡಚಿ ಕಿಟಕಿ ಕಡೆ ನೋಡಿದ್ರಲ್ಲ, ಆ ಪೇಜಲ್ಲಿ ಹಾಕಿ. ಪಕ್ಕದಲ್ಲಿ ಒಂದೇ ಪದ ಬರ್ಕೊಳ್ಳಿ, ಉದ್ದ ಬೇಡ. ನನ್ ಪುಸ್ತಕದಲ್ಲಿ ಎತ್ತು, ಹೊಳೆ, ಬೆಳ್ಳಿ ಒಬ್ಬಳೇ ಅಂತೆಲ್ಲ ಇತ್ತು. ಬೆಳ್ಳಿ ಚೋಮನ ಮಗಳು, ತಾಯಿ ಇಲ್ಲದ ಆ ಗುಡಿಸಲನ್ನ ನಡೆಸೋಳು ಅವಳೇ. ಮೊದಲ ಸಲ ಓದಿದಾಗ ಅವಳ ಬಗ್ಗೆ ನನಗೆ ಏನೂ ಅನ್ನಿಸಿರ್ಲಿಲ್ಲ, ಎರಡನೇ ಸಲ ಓದುವಾಗ ಮನೆಯಲ್ಲಿ ಎಲ್ರೂ ಅವಳ ಮೇಲೆ ನಿಂತಿದಾರೆ ಅಂತ ಕಾಣಿಸ್ತು.

ಹೌದು, ಎರಡು ಸಲ ಓದ್ಬೇಕು. ಟೈಮ್ ಇಲ್ಲ ಅಂದ್ರೆ ಗುರುತು ಹಾಕಿದ ಪೇಜ್‌ಗಳನ್ನಾದ್ರೂ ಮತ್ತೆ ಓದಿ.

ಒಂದು ಸಣ್ಣ ವಸ್ತು ಹಿಡ್ಕೊಳ್ಳಿ

ಬರೆಯೋಕೆ ಕೂತಾಗ ಬಡತನ, ಜಾತಿ, ಕುಟುಂಬ ಅಂತ ದೊಡ್ಡ ಪದದಿಂದ ಶುರು ಮಾಡಿದ್ರೆ ಎರಡನೇ ಪ್ಯಾರಾಗೆ ಮಾತು ಮುಗ್ದೋಗತ್ತೆ. ಕಾದಂಬರಿಯೊಳಗೆ ಕೈಯಲ್ಲಿ ಮುಟ್ಟೋ ಅಂಥ ಒಂದು ವಸ್ತು ಹಿಡ್ಕೊಳ್ಳಿ. ಚೋಮನ ದುಡೀಲಿ ಆ ಎತ್ತುಗಳು. ಚೋಮನಿಗೆ ತನ್ನದು ಅಂತ ಒಂದು ತುಂಡು ಭೂಮಿ ಇಲ್ಲ, ಅವನ ಜಾತಿಯೋರು ಬೇಸಾಯಗಾರರಾಗೋದನ್ನ ಅಲ್ಲಿಯ ಸಮಾಜ ಒಪ್ಪಲ್ಲ, ಆದ್ರೂ ಎತ್ತು ಸಾಕಿದಾನೆ. ಮೇಡಂ ಕೇಳಿದ ಪ್ರಶ್ನೆಗೆ ನಾನು ಹುಡುಕ್ಕೊಂಡ ಉತ್ತರ ಇದು: ಎತ್ತು ಮಾರಿದ್ರೆ ಸಾಲ ತೀರತ್ತೆ ನಿಜ, ಆದ್ರೆ ಅದರ ಜೊತೆ ನಾಳೆ ಅನ್ನೋದೂ ಮಾರಿದ ಹಾಗೆ, ಹೊಲ ಇಲ್ಲದೋನ ಹತ್ರ ಎತ್ತು ಇರೋವರೆಗೂ ಹೊಲ ಬರ್ಬಹುದು ಅನ್ನೋ ಒಂದು ಸಾಕ್ಷಿ ಮನೆ ಮುಂದೆ ಉಸಿರಾಡ್ತಾ ನಿಂತಿರತ್ತೆ. ಇದು ಸರಿ ಉತ್ತರಾನೇ ಅಂತ ನಾನು ಹೇಳಲ್ಲ, ನನ್ನ ಉತ್ತರ ಅಷ್ಟೇ, ಆದ್ರೆ ಪುಸ್ತಕದಿಂದ ಅದಕ್ಕೆ ಆಧಾರ ತೋರಿಸ್ಬಲ್ಲೆ: ಅದೇ ಸಾಲಕ್ಕೆ ಮಕ್ಕಳನ್ನ ಕಾಫಿ ತೋಟಕ್ಕೆ ಕಳಿಸ್ತಾನೆ, ಎತ್ತು ಮಾತ್ರ ಕೊಡಲ್ಲ. ಇದನ್ನ ಬರೆದ್ಮೇಲೆ ನಂಗೇ ಇನ್ನೊಂದು ಪ್ರಶ್ನೆ ಬಂತು, ಮಕ್ಕಳಿಗಿಂತ ಎತ್ತು ಹೆಚ್ಚಾಯ್ತಾ ಅಂತ. ಚೋಮನ ಮೇಲೆ ಪ್ರೀತಿ ಇರೋವಾಗ್ಲೇ ಅವನ ಮೇಲೆ ಸಿಟ್ಟೂ ಬಂತು. ಎರಡನ್ನೂ ಬರೀರಿ. ಒಂದು ಪಾತ್ರದ ಬಗ್ಗೆ ಒಂದೇ ಭಾವನೆ ಇದೆ ಅಂದ್ರೆ ಇನ್ನೂ ಸರಿಯಾಗಿ ನೋಡಿಲ್ಲ ಅಂತ ನನ್ ಲೆಕ್ಕ.

ಬೇರೆ ಥರದ ಪುಸ್ತಕದಲ್ಲೂ ಇದು ಕೆಲ್ಸ ಮಾಡತ್ತೆ. ವಿವೇಕ ಶಾನಭಾಗರ ಘಾಚರ್ ಘೋಚರ್ ತಗೊಳ್ಳಿ, 2013ರದ್ದು, ನಮ್ ಬೆಂಗಳೂರಿನ ಕಥೆ, ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರಂತ ದುಡ್ಡು ಬಂದ ಒಂದು ಮನೆ. ಅದ್ರಲ್ಲಿ ಇರುವೆ ಹಿಡ್ಕೊಳ್ಳಿ. ಹಳೇ ಸಣ್ಣ ಮನೇಲಿದ್ದಾಗ ಇರುವೆ ಕಾಟ, ಮನೆಯವರೆಲ್ಲ ಸೇರ್ಕೊಂಡು ಇರುವೆ ಸಾಯಿಸ್ತಾರೆ. ಆಮೇಲೆ ಶ್ರೀಮಂತರಾದ್ಮೇಲೆ ಚಿಕ್ಕಪ್ಪನ್ನ ಹುಡುಕ್ಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬಂದಾಗ ಮನೆ ಹೆಂಗಸರು ಅವಳನ್ನ ಬೈದು ಅಟ್ತಾರೆ. ಈ ಎರಡು ದೃಶ್ಯ ಪಕ್ಕ ಪಕ್ಕ ಇಟ್ಟು ನೋಡಿ, ನಾಲ್ಕು ಪೇಜ್ ಸಾಕಾಗಲ್ಲ.

ಪಾತ್ರಕ್ಕೆ ಏನು ಕೇಳ್ಬೇಕು

ಇವನು ಒಳ್ಳೆಯವನು, ಇವಳು ಕೆಟ್ಟವಳು, ನನಗೆ ಇಷ್ಟ ಆಯ್ತು, ಆಗ್ಲಿಲ್ಲ, ಇದರಿಂದ ಮುಂದಕ್ಕೆ ಹೋಗೋಕೆ ನಂಗೆ ಉಪಯೋಗ ಆಗಿದ್ದು ಒಂದೇ ಪ್ರಶ್ನೆ: ಈ ಪಾತ್ರ ಏನು ಮಾಡ್ಬಹುದಿತ್ತು, ಮಾಡ್ಲಿಲ್ಲ? ಘಾಚರ್ ಘೋಚರಲ್ಲಿ ಕಥೆ ಹೇಳೋನಿಗೆ ಹೆಸರೇ ಇಲ್ಲ. ಕಂಪನಿಯಲ್ಲಿ ದೊಡ್ಡ ಹುದ್ದೆ ಹೆಸರಿಗಿದೆ, ಕೆಲ್ಸ ಇಲ್ಲ, ಸಂಬಳ ಬರತ್ತೆ, ಕಾಫಿ ಹೌಸಲ್ಲಿ ಕೂರ್ತಾನೆ. ಆ ಹೆಂಗಸನ್ನ ಅಟ್ಟುವಾಗ ಅವನೂ ಅಲ್ಲೇ ಇದಾನೆ, ತಡೆಯಲ್ಲ, ಅವನ ಹೆಂಡತಿ ಅನಿತಾಗೆ ಮಾತ್ರ ಅದು ಸಹಿಸೋಕಾಗಲ್ಲ. ಏನೂ ಮಾಡ್ದೇ ಇರೋದು ಕೂಡ ಒಂದು ಕೆಲಸಾನೇ ಅಂತ ನಂಗೆ ಈ ಪಾತ್ರದಿಂದ ತಿಳೀತು.

ಇಲ್ಲಿ ನನ್ ನೆನಪು ಯಾವ್ದು ಬಂತು ಅಂದ್ರೆ, ನಮ್ ವಠಾರದಲ್ಲಿ ಒಂದಿನ ಸೊಪ್ಪು ಮಾರೋ ಅಮ್ಮನ್ನ ಎರಡು ರೂಪಾಯಿಗೋಸ್ಕರ ಮೇಲ್ಗಡೆ ಮನೆಯವರು ಕೂಗಾಡಿ ಕಳಿಸಿದ್ರು, ನಾನು ನೀರು ಹಿಡಿಯೋಕೆ ಬಿಂದಿಗೆ ಇಟ್ಕೊಂಡು ನಿಂತಿದ್ದೆ, ಮಾತಾಡ್ಲಿಲ್ಲ. ಬರೆಯುವಾಗ ನಾನೂ ಅವನಂತೆಯೇ ಸುಮ್ಮನಿದ್ದೆ ಅಂತ ಬರ್ದು ಮುಗಿಸ್ಬಿಟ್ಟಿದ್ದೆ. ಓದಿದ ಫ್ರೆಂಡ್ ಒಬ್ಳು ಹೇಳಿದ್ಲು, "ಅವನಂತೆಯೇ ಅಲ್ಲ ಕಣೇ, ಅವನು ಚಿಕ್ಕಪ್ಪನ ದುಡ್ಡಲ್ಲಿ ಊಟ ಮಾಡ್ತಿದಾನೆ, ಬಾಯಿ ಬಿಟ್ರೆ ಕಳ್ಕೊಳ್ಳೋಕೆ ತುಂಬಾ ಇದೆ, ನಿಂಗೇನಿತ್ತು ಕಳ್ಕೊಳ್ಳೋಕೆ?" ಅಲ್ಲಿಂದ ಬರಹ ಬೇರೆ ದಾರಿ ಹಿಡೀತು.

ಹಾಗಾಗಿ ನಾನು ಎಲ್ರಿಗೂ ಒತ್ತಿ ಹೇಳೋ ಮಾತು ಇದು. ನಿಮ್ ಜೀವನದ ನೆನಪನ್ನ ತನ್ನಿ, ಧೈರ್ಯವಾಗಿ ತನ್ನಿ, ಆದ್ರೆ ನಂಗೂ ಹಂಗೇ ಆಗಿತ್ತು ಅಂತ ಅಲ್ಲೇ ನಿಲ್ಲಿಸ್ಬೇಡಿ. ನಿಮ್ಮ ನೆನಪೂ ಪುಸ್ತಕಾನೂ ಎಲ್ಲಿ ಹೊಂದಲ್ಲ ಅಂತ ಹುಡುಕಿ. ಹೊಂದೋ ಕಡೆ ಒಂದು ಪ್ಯಾರಾ ಸಾಕು, ಹೊಂದದೇ ಇರೋ ಕಡೆ ಎರಡು ಪೇಜ್ ಇರತ್ತೆ.

ಮೊದಲ ನೆನಪು, ಎರಡನೇ ನೆನಪು

ಇದು ಬರೆಯೋಕೆ ಸ್ವಲ್ಪ ಕಷ್ಟ, ಆದ್ರೂ ಬರೀತೀನಿ. ಚೋಮನ ಎತ್ತಿನ ಬಗ್ಗೆ ಯೋಚ್ನೆ ಮಾಡ್ತಿದ್ದಾಗ ನಂಗೆ ತಕ್ಷಣ ನೆನಪಾಗಿದ್ದು ನಮ್ ತಾತ. ಮಾಗಡಿ ಕಡೆ ಊರು ನಮ್ದು, ತಾತ ಇದ್ದ ಜಮೀನು ಮಾರಿ ಬೆಂಗಳೂರಿಗೆ ಬಂದೋರು, ಎತ್ತು ಕೊಟ್ಟು ಬಂದ್ರು, ಆದ್ರೆ ನೊಗ ಮಾತ್ರ ತಂದು ಬಾಡಿಗೆ ಮನೆ ಅಟ್ಟದ ಮೇಲೆ ಇಟ್ಟಿದ್ರು. ಸಾಯೋವರೆಗೂ ಅದನ್ನ ಬಿಸಾಕೋಕೆ ಬಿಡ್ಲಿಲ್ಲ. ಎಷ್ಟು ಚೆನ್ನಾಗಿ ಹೊಂದತ್ತೆ ಅಲ್ವಾ, ಚೋಮನ ಎತ್ತು, ತಾತನ ನೊಗ, ನಾನು ಮೂರು ಪೇಜ್ ಅದನ್ನೇ ಬರ್ದೆ.

ಆದ್ರೆ ಹೊಂದಲ್ಲ. ತಾತಂಗೆ ಮಾರೋಕೆ ಜಮೀನಿತ್ತು. ಚೋಮನಿಗೆ ಅದು ಇರೋದಕ್ಕೇ ಬಿಡ್ಲಿಲ್ಲ. ಭೂಮಿ ಕಳ್ಕೊಂಡೋರ ದುಃಖ ಒಂದು, ಭೂಮಿ ಕೇಳೋಕೂ ಅರ್ಹ ಅಲ್ಲ ಅನ್ನಿಸ್ಕೊಂಡೋರ ದುಃಖ ಇನ್ನೊಂದು, ಎರಡನ್ನ ಒಂದೇ ತಕ್ಕಡೀಲಿ ಹಾಕಿದ್ರೆ ಚೋಮನಿಗೆ ನಾನೂ ಮೋಸ ಮಾಡಿದ ಹಾಗೆ.

ಆಮೇಲೆ ಹೊಳೆಯ ದೃಶ್ಯಕ್ಕೆ ಬಂದೆ. ಚೋಮನ ಮಗ ನೀಲ ನೀರಲ್ಲಿ ಮುಳುಗ್ತಾನೆ, ದಡದಲ್ಲಿ ಜನ ಇದಾರೆ, ಅವನನ್ನ ಮುಟ್ಟಬಾರದು ಅನ್ನೋ ಕಾರಣಕ್ಕೆ ಆ ಹುಡುಗ ಉಳಿಯಲ್ಲ. ಇಲ್ಲಿ ನಾನು ಪುಸ್ತಕ ಮಡಚಿಟ್ಟಿದ್ದೆ. ಯಾಕೆ ಅಂತ ಒಂದಿನ ಪೂರ್ತಿ ಗೊತ್ತಾಗ್ಲಿಲ್ಲ. ಮಾರನೇ ದಿನ ಬಸ್ಸಲ್ಲಿ ನೆನಪಾಯ್ತು, ಚಿಕ್ಕೋಳಿದ್ದಾಗ ರಜಕ್ಕೆ ಊರಿಗೆ ಹೋದ್ರೆ ಅಜ್ಜಿ ಕೂಲಿಗೆ ಬಂದೋರಿಗೆ ನೀರು ಕೊಡುವಾಗ ಚೊಂಬಿಂದ ಮೇಲಿಂದ ಹುಯ್ತಿದ್ರು, ಅವ್ರು ಬೊಗಸೆ ಒಡ್ಡಿ ಕುಡೀತಿದ್ರು. ನಂಗೆ ಅದು ಆಟದ ಥರ ಕಾಣ್ತಿತ್ತು, ನಾನೂ ಹಂಗೇ ಕುಡೀತೀನಿ ಅಂತ ಹಟ ಮಾಡಿದ್ರೆ ಅಜ್ಜಿ ಕೈ ಮೇಲೆ ಹೊಡೆದಿದ್ರು. ಅಂದ್ರೆ ಆ ಕಥೆಯೊಳಗೆ ನಮ್ ಮನೆ ಇರೋದು ಗುಡಿಸಲಲ್ಲಿ ಅಲ್ಲ, ದಡದ ಮೇಲೆ.

ಮೊದಲು ಬರೋ ನೆನಪು ಸಾಮಾನ್ಯವಾಗಿ ನಮ್ಮನ್ನ ಪಾಪದೋರ ಪಕ್ಕ ಕೂರಿಸತ್ತೆ. ಒಂದೆರಡು ದಿನ ಕಾದ್ರೆ ಎರಡನೇದು ಬರತ್ತೆ, ಅದು ಬಂದಾಗ ಸ್ವಲ್ಪ ಮೈ ಬೆಚ್ಚಗಾಗತ್ತೆ, ಇದನ್ನ ಬರೆಯೋದಾ ಬೇಡ್ವಾ ಅಂತ ಅನ್ನಿಸತ್ತೆ. ಆ ಎರಡನೇದೇ ನಿಮ್ಮ ವಿಷಯ. ಎಲ್ಲಾನೂ ಬರೀಲೇಬೇಕು ಅಂತ ಯಾರೂ ನಿಮ್ಮನ್ನ ಬಲವಂತ ಮಾಡೋ ಹಾಗಿಲ್ಲ, ಮನೆ ಒಳಗಿನ ವಿಷಯ, ನಿಮಗೇ ನೋವಾಗಿರೋ ವಿಷಯ ಕ್ಲಾಸಿಗೆ ಬೇಡ ಅನ್ನಿಸಿದ್ರೆ ಬೇಡ. ಅದರಲ್ಲೂ ಆ ಬೊಗಸೆ ಒಡ್ಡಿದ ಕಡೆಯ ಮನೆಗಳಿಂದ ಬಂದೋರು ತಮ್ಮ ನೋವನ್ನ ಮಾರ್ಕಿಗೋಸ್ಕರ ತೆರೆದಿಡ್ಬೇಕಾಗಿಲ್ಲ, ಎತ್ತಿನ ಬಗ್ಗೆ ಬರೀರಿ, ದುಡಿಯ ಬಗ್ಗೆ ಬರೀರಿ, ಅದೂ ನಿಮ್ಮ ಅನಿಸಿಕೆಯೇ.

ಕಾಲ, ಇಸವಿ, ಸಿನಿಮಾ

ಲೇಖಕರ ಜೀವನಚರಿತ್ರೆ ಒಂದು ಪೇಜ್ ತುಂಬ್ಬೇಡಿ, ಹುಟ್ಟಿದ ಊರು, ಪ್ರಶಸ್ತಿ ಪಟ್ಟಿ ಯಾರಿಗೂ ಬೇಡ. ಆದ್ರೆ ಇಸವಿ ಬೇಕು, ಅದು ನಿಮ್ ಮಾತಿಗೆ ಸಹಾಯ ಮಾಡೋ ಕಡೆ ಮಾತ್ರ. ಚೋಮನ ದುಡಿ ಬಂದಿದ್ದು 1933ರಲ್ಲಿ, ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರೆಸಿಡೆನ್ಸಿಲಿತ್ತು, ಕರ್ನಾಟಕದಲ್ಲಿ ಉಳುವವನೇ ಹೊಲದೊಡೆಯ ಅಂತ ಭೂಸುಧಾರಣೆ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ 1974ಕ್ಕೆ ಜಾರಿಗೆ ಬಂತು, ನಡುವೆ ನಲವತ್ತೊಂದು ವರ್ಷ. ಇದನ್ನ ಹಂಗೇ ಬರ್ದ್ರೆ ಬರೀ ಮಾಹಿತಿ. ನಾನು ಬರ್ದಿದ್ದು: ಆ ಕಾನೂನು ಗೇಣಿದಾರರಿಗೆ ಭೂಮಿ ಕೊಡಿಸ್ತು, ಆದ್ರೆ ಚೋಮ ಗೇಣಿದಾರನೂ ಅಲ್ಲ, ಒಡೆಯರ ಹತ್ರ ಅವನು ಬೇಡೋದೇ ಗೇಣಿಗೆ ಒಂದು ತುಂಡು ಗದ್ದೆ, ಅದೂ ಸಿಗಲ್ಲ, ಹಾಗಿದ್ರೆ 1974ರಲ್ಲಿ ಅವನು ಬದುಕಿದ್ರೂ ಅರ್ಜಿಯಲ್ಲಿ ಏನಂತ ಬರೀತಿದ್ದ? ಇಸವಿ ಪ್ರಶ್ನೆ ಆದಾಗ ಮಾತ್ರ ಒಳಗೆ ತನ್ನಿ.

ಸಿನಿಮಾ ನೋಡಿ ಬರೆಯೋದು ಬೇಡ. ಬಿ.ವಿ. ಕಾರಂತರು 1975ರಲ್ಲಿ ಮಾಡಿದ ಚೋಮನ ದುಡಿ ತುಂಬಾ ಒಳ್ಳೇ ಸಿನಿಮಾ, ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂದಿದೆ, ಚೋಮನಾಗಿ ವಾಸುದೇವ ರಾವ್ ಅವರನ್ನ ನೋಡಿದ್ರೆ ಮರೆಯೋಕಾಗಲ್ಲ, ಅದಕ್ಕೇ ಹೇಳ್ತಿರೋದು, ಅವರ ಮುಖ ನಿಮ್ ಕಲ್ಪನೆಯ ಚೋಮನ್ನ ಪೂರ್ತಿ ಮುಚ್ಚಿಬಿಡತ್ತೆ. ಅಸೈನ್‌ಮೆಂಟ್ ಕೊಟ್ಟ ಮೇಲೆ ನೋಡಿ.

ಥೀಮ್ ಬಗ್ಗೆ ಬರೀರಿ ಅಂದ್ರೆ

ಒಂದೇ ಪದದಲ್ಲಿ ಹೇಳ್ಬೇಡಿ, ವಾಕ್ಯ ಮಾಡಿ, ಅದರಲ್ಲಿ ಯಾರು ಯಾರಿಗೆ ಏನ್ ಮಾಡ್ತಾರೆ ಅಂತ ಇರ್ಲಿ. ಘಾಚರ್ ಘೋಚರಿನ ವಸ್ತು ಹಣ ಅಂದ್ರೆ ಏನೂ ಹೇಳಿದ ಹಾಗಾಗ್ಲಿಲ್ಲ. ದುಡ್ಡು ಬಂದ್ಮೇಲೆ ಆ ಮನೆಯವರು ಒಬ್ಬರನ್ನೊಬ್ಬರು ಕಾಯೋದು ಬಿಟ್ಟು ದುಡ್ಡು ತರೋನನ್ನ ಕಾಯೋಕೆ ಶುರು ಮಾಡ್ತಾರೆ, ಹಿಂಗೆ ಬರ್ದ್ರೆ ಓದೋರು ಒಪ್ಪಬಹುದು, ಜಗಳಾನೂ ಮಾಡ್ಬಹುದು. ಜಗಳ ಮಾಡೋಕೆ ಆಗ್ದೇ ಇರೋ ವಾಕ್ಯ ಆದ್ರೆ ಅಳಿಸಿ.

ಬರೆಯೋಕೆ ಕೂತಾಗ

ಖಾಲಿ ಪೇಜ್ ನೋಡಿ ಕೈ ಓಡದೇ ಇದ್ರೆ ಫೋನಲ್ಲಿ ರೆಕಾರ್ಡ್ ಆನ್ ಮಾಡಿ ಫ್ರೆಂಡ್‌ಗೆ ಹೇಳೋ ಹಾಗೆ ಐದು ನಿಮಿಷ ಮಾತಾಡಿ, ಆಮೇಲೆ ಕೇಳ್ಕೊಂಡು ಬರ್ಕೊಳ್ಳಿ. ಮಾತಾಡುವಾಗ ಯಾರೂ ಪ್ರಸ್ತುತ ಕಾದಂಬರಿಯಲ್ಲಿ ಅಂತ ಶುರು ಮಾಡಲ್ಲ, ನೇರ ವಿಷಯಕ್ಕೆ ಹೋಗ್ತೀವಿ. ನನ್ನ ಎರಡನೇ ಡ್ರಾಫ್ಟಿನ ಮೊದಲ ಪ್ಯಾರಾ ಹಿಂಗಿತ್ತು:

"ನೀಲ ಮುಳುಗುವ ಪುಟದಲ್ಲಿ ನಾನು ಪುಸ್ತಕ ಮುಚ್ಚಿದೆ. ದಡದಲ್ಲಿ ನಿಂತವರ ಮೇಲೆ ನನಗೆ ಸಿಟ್ಟು ಬಂತು. ಮರುದಿನ ಆ ದಡದಲ್ಲಿ ನಮ್ಮ ಅಜ್ಜಿಯೂ ಕಂಡಳು, ಕೈಯಲ್ಲಿ ನೀರಿನ ಚೊಂಬು ಹಿಡಿದು."

ಕಥೆ ಎಷ್ಟು ಹೇಳ್ಬೇಕು ಅಂತ ಎಲ್ರೂ ಕೇಳ್ತಾರೆ. ಓದೋರು ಆ ಪುಸ್ತಕ ಓದಿದಾರೆ ಅಂತಾನೇ ಅನ್ಕೊಳ್ಳಿ, ಒಂದು ದೃಶ್ಯದ ಬಗ್ಗೆ ಮಾತಾಡೋ ಮುಂಚೆ ಎರಡು ಸಾಲಲ್ಲಿ ಅದು ಎಲ್ಲಿ ಬರತ್ತೆ ಅಂತ ನೆನಪು ಮಾಡಿದ್ರೆ ಸಾಕು. ನಾನು ಅನ್ನೋ ಪದ ಬಳಸಿ, ಹೆದರ್ಬೇಡಿ, ಆದ್ರೆ ಪ್ರತಿ ಪೇಜಲ್ಲೂ ಪುಸ್ತಕದಿಂದ ಒಂದಾದ್ರೂ ವಿವರ ಇರ್ಲಿ, ಪೇಜ್ ನಂಬರ್ ಸಮೇತ. ಒಂದು ಪೂರ್ತಿ ಪೇಜಲ್ಲಿ ಪುಸ್ತಕದ ಹೆಸರೇ ಬಂದಿಲ್ಲ ಅಂದ್ರೆ ನೀವು ಡೈರಿ ಬರೀತಿದೀರ ಅಂತ ಅರ್ಥ, ವಾಪಸ್ ಬನ್ನಿ. ಹೃದಯಸ್ಪರ್ಶಿ, ಮನಮುಟ್ಟುವ, ಇಂದಿಗೂ ಪ್ರಸ್ತುತ, ಈ ಮೂರು ಪದ ಸಿಕ್ಕ ಕಡೆ ಹೊಡೆದು ಹಾಕಿ ಅಲ್ಲಿ ಏನು ಮುಟ್ತು, ಯಾವತ್ತು, ಎಲ್ಲಿ ಅಂತ ಬರೀರಿ. ಗ್ರಾಂಥಿಕ ಕನ್ನಡಾನೇ ಬೇಕಾ, ಆಡುಮಾತು ನಡೆಯತ್ತಾ ಅಂತ ಮೊದ್ಲೇ ನಿಮ್ ಲೆಕ್ಚರರ್‌ನ ಕೇಳ್ಬಿಡಿ.

ಟೈಪ್ ಮಾಡಿ ಕೊಡೋರಿಗೆ ಒಂದು ಮಾತು. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಲ್ಲಿ ಟೈಪ್ ಮಾಡಿದ ಫೈಲ್ ಜೆರಾಕ್ಸ್ ಅಂಗಡಿ ಕಂಪ್ಯೂಟರಲ್ಲಿ ಆ ಫಾಂಟ್ ಇಲ್ಲ ಅಂದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಬರತ್ತೆ, ಯೂನಿಕೋಡಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡ್ಕೊಂಡು ಹೋಗಿ. ಕಾಲೇಜ್ ಎದುರಿನ ಅಂಗಡಿಗಳಲ್ಲಿ ಕೊನೇ ದಿನ ಬೆಳಿಗ್ಗೆ ಕ್ಯೂ ಇರತ್ತೆ, ಹಿಂದಿನ ದಿನ ಸಂಜೆಯೇ ಮುಗಿಸಿ.

ಕೊಡೋ ಮುಂಚೆ ಯಾರಿಗಾದ್ರೂ ಜೋರಾಗಿ ಓದಿ ಹೇಳಿ, ನೆನಪು ಮನೆಯದ್ದಾದ್ರೆ ಮನೆಯವರಿಗೇ ಓದಿ. ನನಗೆ ಭಯ ಇತ್ತು, ಅಜ್ಜಿ ಬಗ್ಗೆ ಹಿಂಗೆ ಬರ್ದಿದೀನಿ ಅಂದ್ರೆ ಅಮ್ಮ ಬೇಜಾರು ಮಾಡ್ಕೋತಾರೆ ಅಂತ. ರಾತ್ರಿ ಅಡುಗೆಮನೇಲಿ ಅಮ್ಮ ಅವರೆಕಾಳು ಸುಲೀತಾ ಕೂತಿದ್ರು, ಪೂರ್ತಿ ಓದಿದೆ, ಸುಲಿಯೋದು ನಿಲ್ಲಿಸದೇ ಕೇಳಿದ್ರು. ಸ್ವಲ್ಪ ಹೊತ್ತು ಸುಮ್ನಿದ್ದು, "ಬರೀ ಬೊಗಸೆ ಅಲ್ಲ ಕಣೇ, ಅವ್ರಿಗೆ ಅಂತಾನೇ ಒಂದು ತೆಂಗಿನ ಚಿಪ್ಪು ಇತ್ತು, ಬಚ್ಚಲ ಗೋಡೆ ಹೊರಗಡೆ ಸಿಕ್ಸಿರ್ತಿದ್ರು, ನೀನು ಚಿಕ್ಕೋಳು, ನೋಡಿರಲ್ಲ" ಅಂದ್ರು. ನಾನು ಎದ್ದು ಪೆನ್ನು ತಂದು ಆ ಸಾಲು ಅಲ್ಲೇ ಕೂತು ತಿದ್ದಿದೆ, ಮಾರನೇ ದಿನ ಆ ಚಿಪ್ಪಿನ ಸಮೇತ ಕೊಟ್ಟೆ.